ಮೊಟ್ಟೆಯ ಮುಂದೆ ತಡೆದ ಕೈ

ಕಾಲೇಜಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಉಳಿದ ಹೊತ್ತಿನಲ್ಲೆಲ್ಲ ಅವಳು ‘ಅಳತೆ’. ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದ ಹೊಸದರಲ್ಲೇ ಬ್ಯಾಗಿನಲ್ಲಿ ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ತಿರುಗಲು ಶುರುಮಾಡಿದ್ದಳು. ಕ್ಯಾಂಟೀನಿನ ಬಿಸ್ಕತ್ತಿನ ದಪ್ಪ, ಗೆಳತಿಯ ಉಂಗುರದ ಸುತ್ತಳತೆ, ಕೊನೆಯ ಸಾಲಿನ ಬೆಂಚು ಯಾಕೆ ಕುಂಟುತ್ತದೆ ಎಂಬುದರ ಕಾರಣ, ಎಲ್ಲವೂ ಅವಳಿಗೆ ಬೇಕು. ಯಾವುದಾದರೂ ವಸ್ತು ಅಲ್ಲಾಡಿದರೆ ಅದು ಯಾಕೆ ಅಲ್ಲಾಡಿತು ಎಂದು ತಿಳಿಯುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೂರನೆಯ ವರ್ಷದ ಪ್ರಾಜೆಕ್ಟಿಗೆ ಅವಳಿಗೆ ಜೊತೆಯಾದವನು ಗೊಣಗಪ್ಪ. ಅದೂ ಅವನ ಹೆಸರಲ್ಲ. ಅದೇ ತರಗತಿಯ ಹುಡುಗ. ಪ್ರೋಗ್ರಾಂ ಬರೆಯುವುದರಲ್ಲಿ ಎತ್ತಿದ ಕೈ, ಆದರೆ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಕುರ್ಚಿ ಸರಿಯಿಲ್ಲ, ಫ್ಯಾನ್ ಸದ್ದು ಮಾಡುತ್ತದೆ, ಟೀ ತಣ್ಣಗಿದೆ ಎಂದು ಗೊಣಗುತ್ತಲೇ ಅವನು ಕಷ್ಟದ ಕೆಲಸಗಳನ್ನು ಮುಗಿಸಿಬಿಡುತ್ತಿದ್ದ. ಅವಳು ಯಂತ್ರದ ಮೈ ಮಾಡುವುದು, ಅವನು ಅದಕ್ಕೆ ಬುದ್ಧಿ ತುಂಬುವುದು ಎಂದು ಒಪ್ಪಂದವಾಯಿತು.

ಏನು ಮಾಡಬೇಕು ಎಂಬುದನ್ನು ಹೇಳಿದವರು ಅವರ ಡಿಸೈನ್ ಮೇಷ್ಟ್ರು. ನಿವೃತ್ತಿಗೆ ಹತ್ತಿರವಿದ್ದ ಆ ಮೇಷ್ಟ್ರು ಯಾವ ಪ್ರಶ್ನೆಗೂ ನೇರವಾಗಿ ಉತ್ತರ ಕೊಟ್ಟವರಲ್ಲ. ಇಬ್ಬರೂ ಹೋಗಿ, ವಸ್ತುಗಳನ್ನು ಎತ್ತಿ ಜೋಡಿಸುವ ರೋಬೋಟ್ ಕೈ ಮಾಡುತ್ತೇವೆ ಎಂದಾಗ ಕೇಳಿದ್ದು ಒಂದೇ ಮಾತು.

“ಏನು ಎತ್ತಿಸ್ತೀರಿ?”

“ಬೋಲ್ಟು, ನಟ್ಟು, ಸಣ್ಣ ಪೈಪು… ಹೀಗೆ ಸರ್,” ಎಂದಳು ಅಳತೆ.

“ಒಡೆಯೋ ವಸ್ತು ಎತ್ತಿಸಿ. ಕಬ್ಬಿಣ ಎತ್ತಿಸಿದ್ರೆ ನಿಮ್ಮ ತಪ್ಪು ನಿಮಗೆ ಗೊತ್ತೇ ಆಗಲ್ಲ.”

ಹಾಗೆ ಮೊಟ್ಟೆ ಬಂತು.

ವರ್ಕ್‌ಶಾಪಿನ ಮೂಲೆಯಲ್ಲಿ, ಲೇತ್ ಯಂತ್ರಗಳ ಆಚೆ, ಕಿಟಕಿಯ ಪಕ್ಕದ ಮೇಜು ಅವರ ಪಾಲಿಗೆ ಸಿಕ್ಕಿತು. ಅಳತೆ ಅಲ್ಲಿ ಕೂತು ಮೂರು ಬೆರಳಿನ ಒಂದು ಕೈ ಮಾಡಿದಳು. ಪ್ರತಿ ಬೆರಳಿಗೂ ಎರಡು ಗೆಣ್ಣು, ತುದಿಗೆ ಮೆತ್ತನೆಯ ರಬ್ಬರು. ಬೆರಳಿನ ಒಳಗಿನ ಸಣ್ಣ ಕೊಳವೆಯಲ್ಲಿ ಒಂದು ದಾರ ಹಾದುಹೋಗಿ ಮಣಿಕಟ್ಟಿನ ಬಳಿಯ ಮೋಟರಿಗೆ ಸುತ್ತಿಕೊಳ್ಳುತ್ತಿತ್ತು. ಮೋಟರ್ ದಾರ ಎಳೆದರೆ ಬೆರಳು ಮಡಚಿಕೊಳ್ಳುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಬಿಚ್ಚುತ್ತದೆ. ನೋಡಲು ಚೆನ್ನಾಗಿಯೇ ಇತ್ತು. ತಟ್ಟೆಯಲ್ಲಿ ಸಾಲಾಗಿ ಇಟ್ಟ ಮೊಟ್ಟೆಗಳ ಮೇಲೆ ಅದು ಬಾಗುವಾಗ ನೋಡುವವರು ಉಸಿರು ಬಿಗಿಹಿಡಿಯುತ್ತಿದ್ದರು. ಆಮೇಲೆ ಪಚಕ್ ಎಂದು ಸದ್ದಾಗುತ್ತಿತ್ತು.

ಹಿಡಿತ ಬಿಗಿ ಮಾಡಿದರೆ ಮೊಟ್ಟೆ ಒಡೆಯಿತು. ಸಡಿಲ ಮಾಡಿದರೆ ಜಾರಿ ಬಿದ್ದು ಒಡೆಯಿತು. ನಡುವಿನ ದಾರಿ ಹುಡುಕಿದರೆ ಕೆಲವು ಜಾರಿದವು, ಕೆಲವು ಒಡೆದವು. ಒಡೆದರೂ ಕೆಡದ ಮೊಟ್ಟೆಗಳನ್ನು ಅವಳು ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದಳು. ಮೊದಮೊದಲು ಅಪ್ಪನಿಗೆ ಖುಷಿಯೋ ಖುಷಿ. ಬರಬರುತ್ತಾ ತಟ್ಟೆಗೆ ಆಮ್ಲೆಟ್ ಬಿದ್ದ ಕೂಡಲೇ ಅವರ ಮುಖ ಸಣ್ಣದಾಗತೊಡಗಿತು.

“ನಿನ್ನ ರೋಬೋಟ್ ಯಾವಾಗ ಪಾಸಾಗುತ್ತೆ ಮಗಳೇ?” ಎಂದು ಒಂದು ದಿನ ಮೆಲ್ಲಗೆ ಕೇಳಿದರು.

“ಅದು ಪಾಸಾಗೋವರೆಗೆ ನಿಮಗೆ ಬೇರೆ ಪಲ್ಯ ಇಲ್ಲ,” ಎಂದಳು ಅಮ್ಮ ಒಲೆಯ ಮುಂದಿನಿಂದಲೇ.

ಸೋಲು ಬೆಳೆದಂತೆ ಜಗಳವೂ ಬೆಳೆಯಿತು. ಒಂದು ಮಧ್ಯಾಹ್ನ ಒಂದು ಇಡೀ ಸಾಲು ಮೊಟ್ಟೆ ಹೋದ ಮೇಲೆ ಗೊಣಗಪ್ಪ ಅಂದ, “ನಿನ್ನ ಬೆರಳುಗಳು ಒನಕೆ ಥರ ಇವೆ ಕಣೇ. ನಾನು ಎಷ್ಟು ಮೆಲ್ಲಗೆ ಅಂತ ಹೇಳಿದ್ರೂ ಅವು ಕುಟ್ಟೋದೇ.”

“ನಿನ್ನ ಪ್ರೋಗ್ರಾಂಗೆ ಕಣ್ಣಿಲ್ಲ. ಕುರುಡನ ಕೈಗೆ ಮೊಟ್ಟೆ ಕೊಟ್ಟು ನನ್ನ ಬೆರಳಿಗೆ ಬೈತೀಯಾ?”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದ. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡೇ ಕೆಲಸ ಮಾಡಿದರು. ಅವಳು ಬೆಳಗ್ಗೆ ಬಂದು ಬೆರಳುಗಳ ಕೆಲಸ ನೋಡುವುದು, ಅವನು ಅವಳು ಹೋದ ಮೇಲೆ ಬಂದು ಪ್ರೋಗ್ರಾಂ ತಿದ್ದುವುದು. ಒಬ್ಬರು ಏನು ಬದಲಾಯಿಸಿದರೆಂದು ಇನ್ನೊಬ್ಬರು ಕೇಳಲಿಲ್ಲ, ಹೇಳಲೂ ಇಲ್ಲ.

ಆ ಮುನಿಸಿನ ದಿನಗಳಲ್ಲೇ ಅದು ನಡೆದದ್ದು. ಅಳತೆ ಬೆಳಗ್ಗೆ ಬಂದು, ಎಂದಿನಂತೆ ಅರ್ಧ ಮನಸ್ಸಿನಿಂದ ಯಂತ್ರ ಚಾಲೂ ಮಾಡಿ, ತಟ್ಟೆಯನ್ನು ಅದರ ಕೆಳಗೆ ಸರಿಸಿದಳು. ಕೈ ಬಾಗಿತು. ಬೆರಳುಗಳು ಮಡಚಿಕೊಳ್ಳುತ್ತಾ ಬಂದು, ಇನ್ನೇನು ಮೊಟ್ಟೆಯನ್ನು ಮುಟ್ಟಬೇಕು ಎನ್ನುವಲ್ಲಿ ತಡೆದು ನಿಂತವು. ಸ್ವಲ್ಪ ಹಿಂದೆ ಸರಿದವು. ಆಮೇಲೆ, ಮಲಗಿದ ಮಗುವಿನ ಹೊದಿಕೆ ಸರಿಪಡಿಸುವವರಂತೆ, ನಿಧಾನವಾಗಿ ಮುಂದೆ ಬಂದು ಹಿಡಿದವು. ಮೊಟ್ಟೆ ಮೇಲೆದ್ದಿತು. ಪಕ್ಕದ ತಟ್ಟೆಗೆ ಹೋಗಿ ಕೂತಿತು. ಒಡೆಯಲಿಲ್ಲ.

ಅವಳು ಮತ್ತೊಂದು ಮೊಟ್ಟೆ ಇಟ್ಟಳು. ಮತ್ತೆ ಹಾಗೆಯೇ ಆಯಿತು. ತಟ್ಟೆ ಪೂರ್ತಿ ಖಾಲಿಯಾಯಿತು. ಲೇತಿನ ಸ್ಟೂಲ್ ಎಳೆದುಕೊಂಡು ಕೂತಳು. ‘ಗೊಣಗಪ್ಪ ಕೊನೆಗೂ ದಾರಿ ಕಂಡುಕೊಂಡಿದ್ದಾನೆ’ ಅನಿಸಿತು. ಸಂತೋಷದ ಜೊತೆಗೆ ಸಣ್ಣ ಹೊಟ್ಟೆಕಿಚ್ಚೂ ಆಯಿತು. ಹಾಗಾಗಿ ಅವನನ್ನು ಹೊಗಳಲು ಹೋಗಲಿಲ್ಲ. ಆ ಸಂಜೆ ಬಂದು ನೋಡಿದ ಗೊಣಗಪ್ಪನಿಗೂ ಹಾಗೆಯೇ ಆಯಿತು. ‘ಇವಳು ಒಳಗಿನ ಸ್ಪ್ರಿಂಗ್ ಬದಲಾಯಿಸಿ ಏನೋ ಮಾಯ ಮಾಡಿದ್ದಾಳೆ, ಹೇಳಿಕೊಳ್ಳುವ ಸೌಜನ್ಯವೂ ಇಲ್ಲ’ ಎಂದುಕೊಂಡ. ಮಾರನೆಯ ದಿನ ಎದುರು ಸಿಕ್ಕಾಗ ಇಬ್ಬರೂ “ಚೆನ್ನಾಗಿದೆ” ಎಂದಷ್ಟೇ ಹೇಳಿ ರಾಜಿಯಾದರು. ಪ್ರತಿಯೊಬ್ಬರೂ ತಾವೇ ದೊಡ್ಡ ಮನಸ್ಸು ಮಾಡಿದೆವೆಂದು ಭಾವಿಸಿದರು.

ಕಾಲೇಜುಗಳ ನಡುವಿನ ರೋಬೋಟ್ ಸ್ಪರ್ಧೆಗೆ ಆ ಕೈ ಹೋಯಿತು. ದೊಡ್ಡ ಸಭಾಂಗಣದ ತುಂಬ ಓಡುವ, ಹಾರುವ, ಗೋಡೆ ಹತ್ತುವ ಯಂತ್ರಗಳಿದ್ದವು. ಅವುಗಳ ನಡುವೆ ಮೊಟ್ಟೆ ಎತ್ತುವ ಕೈ ಬಡ ನೆಂಟನ ಹಾಗೆ ಮೂಲೆಯಲ್ಲಿ ನಿಂತಿತ್ತು. ಆದರೆ ಜನ ಅಲ್ಲೇ ಸೇರತೊಡಗಿದರು. ಕೈ ತಡೆದು ನಿಂತಾಗ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಅದು ಮೊಟ್ಟೆ ಎತ್ತಿದಾಗ ಎಲ್ಲರಿಗೂ ಒಟ್ಟಿಗೆ ಉಸಿರು ಬರುತ್ತಿತ್ತು.

ತೀರ್ಪುಗಾರರಲ್ಲಿ ಒಬ್ಬರು ಪ್ಯಾಕಿಂಗ್ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಡಿಸೈನ್ ವಿಭಾಗದ ಮುಖ್ಯಸ್ಥೆ. ಕತ್ತರಿಸಿದ ನರೆಗೂದಲು, ಜೇಬಿನಲ್ಲಿ ಪೆನ್ನುಗಳ ಸಾಲು. ಅವರು ಕೈಯ ಹತ್ತಿರವೇ ಬಾಗಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಈ ತಡೆಯೋದಿದೆಯಲ್ಲ, ಇದು ಯಾರ ಐಡಿಯಾ?”

“ಇವನದು ಮೇಡಂ,” ಎಂದಳು ಅಳತೆ.

“ಇವಳದು ಮೇಡಂ,” ಎಂದ ಗೊಣಗಪ್ಪ.

ಎರಡೂ ಉತ್ತರ ಒಂದೇ ಸಲಕ್ಕೆ ಬಂದವು. ಸುತ್ತಲಿದ್ದವರು ನಕ್ಕರು. ಮೇಡಂ ಕೂಡ ನಕ್ಕು, “ಇಂಥ ಟೀಮ್ ನಾನು ನೋಡಿಲ್ಲ. ನಮ್ಮಲ್ಲಿ ಎಲ್ಲರೂ ನಂದು ನಂದು ಅಂತಾರೆ,” ಎಂದರು. ಸಂಜೆ ಮೊದಲ ಬಹುಮಾನ ಅವರಿಗೇ ಬಂತು. ವೇದಿಕೆಯ ಮೇಲೆ ಮೇಡಂ ಇವರಿಬ್ಬರ ವಿನಯದ ಬಗ್ಗೆಯೂ ಎರಡು ಮಾತು ಆಡಿದರು. ಮೇಡಂ ಕೆಳಗಿಳಿದು ಬಂದು, “ಮುಂದಿನ ವಾರ ನಮ್ಮ ಕಾರ್ಖಾನೆಗೆ ಇದನ್ನ ತಗೊಂಡು ಬನ್ನಿ. ಇದು ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮ ಹುಡುಗರಿಗೆ ವಿವರಿಸಿ. ಬೇಸಿಗೆ ರಜೆಗೆ ನಿಮಗೆ ಕೆಲಸ ಇದೆ ಅಂದ್ಕೊಳ್ಳಿ,” ಎಂದು ಹೇಳಿ ಹೋದರು.

ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನ ಬಳಿಯ ಟೀ ಅಂಗಡಿಯಲ್ಲಿ ನಿಂತಾಗ ಅಳತೆ ಕೇಳಿದಳು, “ಈಗಲಾದ್ರೂ ಹೇಳು. ಹೇಗೆ ಮಾಡಿದೆ?”

“ಏನನ್ನ?”

“ತಡೆಯೋದನ್ನ.”

“ನಾಟಕ ಸಾಕು. ವೇದಿಕೆ ಮುಗೀತಲ್ಲ. ನೀನು ಮಾಡಿದ್ದನ್ನ ನನ್ನ ಕೇಳಿದ್ರೆ?”

ಅವಳು ಅವನ ಮುಖ ನೋಡಿದಳು. ಗೊಣಗಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುಳ್ಳು ಹೇಳುವಾಗ ಅವನ ಗೊಣಗಾಟ ನಿಂತುಬಿಡುತ್ತದೆ. ಈಗ ಅವನು ಟೀಗೆ ಸಕ್ಕರೆ ಜಾಸ್ತಿಯಾಯಿತೆಂದು ಗೊಣಗುತ್ತಲೇ ಇದ್ದ.

“ನಾನು ಏನೂ ಮಾಡಿಲ್ಲ,” ಎಂದಳು.

“ನಾನೂ ಮಾಡಿಲ್ಲ ಕಣೇ.”

ಇಬ್ಬರೂ ಚೀಲದಲ್ಲಿ ಸುತ್ತಿಟ್ಟಿದ್ದ ಕೈಯ ಕಡೆ ತಿರುಗಿ ನೋಡಿದರು. ಚೀಲದ ಬಾಯಿಂದ ಒಂದು ಬೆರಳು ಹೊರಗೆ ಚಾಚಿಕೊಂಡಿತ್ತು. ಬಹುಮಾನದ ಫಲಕ ಹಿಡಿದಿದ್ದ ಗೊಣಗಪ್ಪನ ಕೈ ನಿಧಾನವಾಗಿ ಕೆಳಗಿಳಿಯಿತು.

ಮಾರನೆಯ ದಿನ ಅವಳು ಕೈಯನ್ನು ಪೂರ್ತಿ ಬಿಚ್ಚಿದಳು. ಕಾರಣ ಹುಡುಕಬೇಕಾದರೆ ಮೊದಲು ಎಲ್ಲ ಶುಚಿಯಾಗಿರಬೇಕು ಎಂಬುದು ಅವಳ ನಂಬಿಕೆ. ಬೆರಳುಗಳನ್ನು ತೊಳೆದು, ಕೊಳವೆಗಳನ್ನು ಬ್ರಷ್ಷಿನಿಂದ ಉಜ್ಜಿ, ಹಳೆಯ ದಾರ ಸವೆದಂತೆ ಕಂಡದ್ದರಿಂದ ಹೊಸದನ್ನು ಹಾಕಿ, ಎಲ್ಲ ಜೋಡಿಸಿ ಮೊಟ್ಟೆ ಇಟ್ಟಳು. ಕೈ ಎಲ್ಲಿಯೂ ತಡೆಯದೆ ಬಂದು ಪಚಕ್ ಎನಿಸಿತು.

“ದಾರದ್ದೇ ಇರಬೇಕು,” ಎಂದ ಗೊಣಗಪ್ಪ. ಹಳೆಯ ದಾರವನ್ನೇ ತೊಳೆದು ಮತ್ತೆ ಹಾಕಿದರು. ಆಗಲೂ ಒಡೆಯಿತು. ಅವನು ಸ್ಪರ್ಧೆಯ ದಿನದ ಪ್ರೋಗ್ರಾಮನ್ನೇ ಮತ್ತೆ ಹಾಕಿ ನೋಡಿದ. ಆಗಲೂ ಒಡೆಯಿತು. ಎಲ್ಲ ಹಿಂದಿನಂತೆಯೇ ಇತ್ತು, ತಡೆಯುವುದೊಂದೇ ಇರಲಿಲ್ಲ. ಇದ್ದಾಗ ಯಾಕಿತ್ತೋ ಗೊತ್ತಿಲ್ಲ, ಹೋದಾಗ ಯಾಕೆ ಹೋಯಿತೋ ಅದೂ ಗೊತ್ತಿಲ್ಲ. ಅಳತೆಗೆ ತಲೆಬುಡ ತಿಳಿಯಲಿಲ್ಲ. ತನ್ನ ಕೈಯಾರೆ ಮಾಡಿದ ವಸ್ತು ತನಗೇ ಅಪರಿಚಿತವಾಗಿ ಎದುರು ಕೂತಂತೆ ಅನಿಸಿತು.

“ಯಾಕೆ ತೊಳೆದೆ ನೀನು? ಮೊದಲು ನೋಡಬೇಕಿತ್ತು,” ಎಂದ ಗೊಣಗಪ್ಪ.

ಅವಳು ಬ್ರಷ್ಷನ್ನು ಕಸದ ಬುಟ್ಟಿಗೆ ಎಸೆದಳು.

ಅಪ್ಪನದು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವ ಕೆಲಸ. ಆ ಸಂಜೆ ಕೊನೆಯ ಶಿಷ್ಯನನ್ನು ಇಳಿಸಿ, ಕಾಲೇಜಿನ ಗೇಟಿನ ಬಳಿ ಅವಳನ್ನು ಹತ್ತಿಸಿಕೊಂಡರು. ಅವರ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇತ್ತು. ಅವಳು ಕೂತು, ಕಾಲನ್ನು ಅದಕ್ಕೆ ತಾಗದಂತೆ ಮಡಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ಪೂರ್ತಿ ಕೇಳಿಸಿಕೊಂಡರು.

“ನನಗೆ ಇದು ದಿನಾ ಆಗುತ್ತೆ,” ಎಂದರು. “ಕಲಿಯೋವ್ರು ಸರಿಯಾದ ಜಾಗದಲ್ಲಿ ಗಾಡಿ ನಿಲ್ಲಿಸ್ತಾರೆ. ತಾವೇ ನಿಲ್ಲಿಸಿದ್ವಿ ಅಂತ ಹಿಗ್ಗಿ ಇಳಿದು ಹೋಗ್ತಾರೆ. ನಿಜಕ್ಕೂ ಬ್ರೇಕ್ ಒತ್ತಿರೋದು ನಾನು.”

“ಹಾಗಾದ್ರೆ ಇಲ್ಲಿ ಯಾರು ಒತ್ತಿದ್ದು ಅಪ್ಪ?”

“ಅದನ್ನೇ ಹೇಳಕ್ಕೆ ಬಂದೆ. ಕೆಲವು ಸಲ ಇಬ್ರೂ ಒಟ್ಟಿಗೆ ಒತ್ತಿರ್ತೀವಿ. ಆಗ ನನಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ. ಗಾಡಿ ನಿಂತಿರುತ್ತೆ, ಅಷ್ಟೆ.”

“ಆಗ ಏನ್ ಮಾಡ್ತೀರಿ?”

“ಏನ್ ಮಾಡೋದು? ಶಭಾಷ್ ಅಂತೀನಿ.”

ಅವಳಿಗೆ ನಗು ಬಂತು, ಆದರೆ ಸಮಾಧಾನವಾಗಲಿಲ್ಲ. ತನಗೆ ಶಭಾಷ್ ಅಂದವರು ಕೂಡ ಹೀಗೆಯೇ ಅಂದಿದ್ದರೋ ಏನೋ ಎಂಬ ಹೊಸ ಗೊಂದಲ ಶುರುವಾಯಿತು.

ಕಾರ್ಖಾನೆಗೆ ಹೋಗುವ ದಿನ ಹತ್ತಿರವಾಗುತ್ತಿತ್ತು. ಇಬ್ಬರೂ ಮೇಷ್ಟ್ರ ಕೋಣೆಗೆ ಹೋಗಿ ನಿಂತರು. ಮೇಷ್ಟ್ರು ಕನ್ನಡಕ ಒರೆಸುತ್ತಾ ಎಲ್ಲ ಕೇಳಿಸಿಕೊಂಡು, “ಅಂದ್ರೆ ಬಹುಮಾನ ಬಂದಿರೋದು ಯಾರಿಗೆ?” ಎಂದರು.

“ಅದೇ ಗೊತ್ತಾಗ್ತಿಲ್ಲ ಸರ್,” ಎಂದಳು ಅಳತೆ. “ಆ ಮೇಡಂಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿಬಿಡೋಣ ಅಂತಿದ್ದೀವಿ.”

“ಯಾಕೆ?”

“ನಾವು ಮಾಡಿದ್ದಲ್ಲ ಅದು.”

“ಮತ್ತೆ ಪಕ್ಕದ ಮನೆಯವರು ಮಾಡಿದ್ರಾ?” ಎಂದು ಕೇಳಿ ಮೇಷ್ಟ್ರು ಕನ್ನಡಕ ಹಾಕಿಕೊಂಡು ತಮ್ಮ ಪುಸ್ತಕಕ್ಕೆ ಮರಳಿದರು. ಇದು ಬೈಗುಳವೋ ಸಲಹೆಯೋ ಇಬ್ಬರಿಗೂ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಗೊಣಗಪ್ಪ, “ಈ ಮನುಷ್ಯ ಒಂದು ದಿನವಾದ್ರೂ ನೆಟ್ಟಗೆ ಮಾತಾಡಿದ್ರೆ ಮಳೆ ಬರುತ್ತೆ,” ಎಂದ.

ಆದರೂ ಅವಳಿಗೆ ಮನಸ್ಸು ತಡೆಯಲಿಲ್ಲ. ಕಾರಿಡಾರಿನ ಕೊನೆಯಲ್ಲಿ ನಿಂತು ಮೇಡಂಗೆ ಫೋನ್ ಮಾಡಿ, ಆ ತಡೆಯುವುದು ತಮ್ಮಿಬ್ಬರ ಯೋಚನೆಯೂ ಅಲ್ಲ, ಹೇಗೋ ಬಂದಿತ್ತು, ಈಗ ಹೋಗಿದೆ ಎಂದು ಹೇಳಿದಳು. ಆ ಕಡೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು.

“ಹೋದ ಮೇಲೆ ಏನ್ ಮಾಡಿದ್ರಿ?” ಎಂದರು ಮೇಡಂ.

“ಹುಡುಕ್ತಿದ್ದೀವಿ.”

“ಸಿಕ್ತಾ?”

“ಇನ್ನೂ ಇಲ್ಲ.”

“ಸರಿ, ಬರುವಾಗ ಬಿಡಿಭಾಗಗಳನ್ನೂ ತಗೊಂಡು ಬನ್ನಿ,” ಎಂದು ಅವರು ಫೋನ್ ಇಟ್ಟರು.

ಅವಳು ಫೋನನ್ನು ಕೈಯಲ್ಲೇ ಹಿಡಿದು ನಿಂತಳು. ಬಹುಮಾನ ವಾಪಸ್ ಕೇಳಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಕರೆದದ್ದು ಕೆಲಸ ಕೊಡಲಿಕ್ಕೋ, ಎಲ್ಲರೆದುರು ಮಂಗಳಾರತಿ ಮಾಡಲಿಕ್ಕೋ?

ಹುಡುಕಾಟದಲ್ಲಿ ಮೊದಲ ಎಳೆ ಸಿಕ್ಕಿದ್ದು ಗೊಣಗಪ್ಪನಿಗೆ. ತನ್ನದೇ ಪ್ರೋಗ್ರಾಮನ್ನು ಸಾಲುಸಾಲಾಗಿ ಓದುತ್ತಿದ್ದವನು ಒಂದು ಕಡೆ ನಿಂತ. “ಇದು ಯಾವಾಗ ಬರೆದೆ ನಾನು?” ಎಂದು ತನಗೆ ತಾನೇ ಗೊಣಗಿಕೊಂಡ. ಪ್ರಾಜೆಕ್ಟಿನ ಆರಂಭದಲ್ಲಿ ಒಂದು ಮೋಟರ್ ಬಿಸಿಯಾಗಿ ಹೊಗೆ ಬಂದಿತ್ತು. ಆಗ ಹೆದರಿ, ಮೋಟರಿನ ಮೇಲೆ ದಿಢೀರನೆ ಭಾರ ಬಿದ್ದರೆ ಸ್ವಲ್ಪ ಹಿಂದೆ ಸರಿದು, ನಿಧಾನವಾಗಿ ಮತ್ತೆ ಮುಂದುವರಿಯಬೇಕು ಎಂದು ಬರೆದಿದ್ದ. ಮೋಟರ್ ಉಳಿಸಲು ಬರೆದ ಸಾಲು ಅದು. ಮೊಟ್ಟೆಗೂ ಅದಕ್ಕೂ ಸಂಬಂಧವಿರಲಿಲ್ಲ.

“ಆದ್ರೆ ಮೊಟ್ಟೆ ಮುಟ್ಟೋ ಮುಂಚೆ ಮೋಟರ್ ಮೇಲೆ ಭಾರ ಎಲ್ಲಿಂದ ಬರುತ್ತೆ?” ಎಂದಳು ಅಳತೆ.

ಅದಕ್ಕೆ ಉತ್ತರ ಕಸದ ಬುಟ್ಟಿಯಲ್ಲಿತ್ತು. ಅವಳು ಕೊಳವೆ ಉಜ್ಜಿ ಎಸೆದಿದ್ದ ಬ್ರಷ್ ಇನ್ನೂ ಅಲ್ಲೇ ಬಿದ್ದಿತ್ತು. ಅದರ ಕೂದಲುಗಳ ನಡುವೆ ಗಾಜಿನ ಪುಡಿಯಂಥ ಹಳದಿ ಚೂರುಗಳು. ಬೆರಳಿನಲ್ಲಿ ತಿಕ್ಕಿ, ಮೂಗಿನ ಹತ್ತಿರ ಹಿಡಿದಳು. ಒಣಗಿದ ಮೊಟ್ಟೆಯ ಲೋಳೆ.

ಅವಳು ಮೆಲ್ಲಗೆ ಲೆಕ್ಕ ಹಾಕಿದಳು. ಪ್ರತಿ ಸಲ ಮೊಟ್ಟೆ ಒಡೆದಾಗ ಲೋಳೆ ಬೆರಳಿನ ಸಂದಿಯಿಂದ ಕೊಳವೆಯೊಳಗೆ ಹೋಗಿದೆ. ಒಡೆಯುವಾಗ ಬೆರಳು ಯಾವ ಜಾಗದಲ್ಲಿರುತ್ತದೋ ಆ ಜಾಗದಲ್ಲೇ ದಾರಕ್ಕೆ ಅಂಟಿ ಒಣಗಿದೆ. ಕ್ರಮೇಣ ಅಲ್ಲೊಂದು ಗಂಟು ಬೆಳೆದಿದೆ. ಬೆರಳು ಆ ಜಾಗಕ್ಕೆ ಬಂದಾಗ ದಾರ ತಡೆಯುತ್ತದೆ, ಮೋಟರಿಗೆ ಭಾರವಾಗುತ್ತದೆ, ಅವನ ಸಾಲು ಎಚ್ಚರಗೊಂಡು ಕೈಯನ್ನು ಹಿಂದೆಳೆಯುತ್ತದೆ. ಒಡೆದ ಮೊಟ್ಟೆಗಳೆಲ್ಲ ಸೇರಿ ಒಡೆಯದ ಹಾಗೆ ಮಾಡಿದ್ದವು.

“ಹಾಗಾದ್ರೆ ಅರ್ಧ ನನ್ನದು,” ಎಂದ ಗೊಣಗಪ್ಪ. ಆಮೇಲೆ ಯೋಚಿಸಿ, “ಆದ್ರೆ ನಾನು ಬರೆದದ್ದು ಬೇರೆ ಕೆಲಸಕ್ಕೆ,” ಎಂದ.

“ಇನ್ನರ್ಧ ನನ್ನ ಗಲೀಜಿನದು,” ಎಂದಳು ಅವಳು. ಎಲ್ಲವನ್ನೂ ತೊಳೆದು ಒರೆಸಿ ಇಡುವವಳೆಂಬ ಹೆಮ್ಮೆಯಿದ್ದವಳಿಗೆ ಅದು ಸುಲಭದ ಮಾತಾಗಿರಲಿಲ್ಲ.

ಇಬ್ಬರೂ ಮತ್ತೆ ಲೋಳೆ ಸವರಿ ಒಣಗಿಸಿ ನೋಡಿದರು. ಕೆಲವು ಸಲ ಕೈ ತಡೆಯಿತು, ಕೆಲವು ಸಲ ಇಲ್ಲ. ಕೊನೆಗೆ ಕೊಳವೆಯಲ್ಲಿ ಆ ಜಾಗಕ್ಕೆ ಉಣ್ಣೆಬಟ್ಟೆಯ ಸಣ್ಣ ಉಂಗುರ ಕೂರಿಸಿ, ದಾರ ಬೇಕೆಂದಲ್ಲಿ ಉಜ್ಜುವಂತೆ ಮಾಡಿದರು. ಆಗ ಪ್ರತಿ ಸಲವೂ ತಡೆಯಿತು. ಮೊಟ್ಟೆಗಳೂ ಉಳಿದವು. ಗೊಣಗಪ್ಪ ಗೊಣಗದೆ ನಿಂತು ನೋಡಿದ. ಕಾರಣ ತಿಳಿಯಿತು, ಮುಗಿಯಿತು ಎಂದುಕೊಂಡು ಅವರು ಬಸ್ ಹತ್ತಿದರು.

ಕಾರ್ಖಾನೆಯಲ್ಲಿ ಮೇಡಂ ಜೊತೆ ಆರೇಳು ಮಂದಿ ಎಂಜಿನಿಯರುಗಳು ಮೇಜಿನ ಸುತ್ತ ನಿಂತಿದ್ದರು. ಅಳತೆ ಒಂದನ್ನೂ ಮುಚ್ಚಿಡದೆ ಹೇಳಿದಳು: ಹೊಗೆ ಬಂದ ಮೋಟರ್, ಒಣಗಿದ ಲೋಳೆ, ತೊಳೆದು ಕಳೆದುಕೊಂಡದ್ದು, ಉಣ್ಣೆಯ ಉಂಗುರ. ಯಾರೋ ಒಬ್ಬರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಮೇಡಂ ನಗಲಿಲ್ಲ.

“ಮೊಟ್ಟೆ ಮುಟ್ಟೋ ಮುಂಚೆ ತಡೆಯುತ್ತೆ ಅಂದ್ರಿ. ಮುಟ್ಟೇ ಇಲ್ಲ ಅಂದ ಮೇಲೆ ತಡೆದಿದ್ರಿಂದ ಮೊಟ್ಟೆಗೇನು ಲಾಭ?”

ಅಳತೆ ಗೊಣಗಪ್ಪನ ಕಡೆ ನೋಡಿದಳು. ಅವನು ಆಗಲೇ ಅವಳ ಕಡೆ ನೋಡುತ್ತಿದ್ದ. ಕೈ ಯಾಕೆ ತಡೆಯುತ್ತದೆ ಎಂದು ಹುಡುಕುವ ಗಡಿಬಿಡಿಯಲ್ಲಿ, ತಡೆದರೆ ಮೊಟ್ಟೆ ಯಾಕೆ ಉಳಿಯುತ್ತದೆ ಎಂದು ಇಬ್ಬರೂ ಕೇಳಿಕೊಂಡೇ ಇರಲಿಲ್ಲ.

“ಆಮೇಲೆ ನಿಧಾನವಾಗಿ ಬರುತ್ತಲ್ಲ ಮೇಡಂ, ಅದಕ್ಕೆ,” ಎಂದ ಗೊಣಗಪ್ಪ, ಅರೆಮನಸ್ಸಿನಿಂದ.

“ಮೊದಲಿಂದಲೇ ನಿಧಾನ ಮಾಡಿ ನೋಡಿದ್ರಾ?”

ನೋಡಿದ್ದರು. ಆಗಲೂ ಒಡೆದಿದ್ದವು.

ಕಾರ್ಖಾನೆಯಲ್ಲಿ ಓಡುವ ಯಂತ್ರಗಳ ತಪ್ಪು ಹಿಡಿಯಲು ಇಟ್ಟುಕೊಂಡಿದ್ದ ಒಂದು ಕ್ಯಾಮೆರಾ ಇತ್ತು. ಕಣ್ಣಿಗೆ ಸಿಗದಷ್ಟು ವೇಗದ ಚಲನೆಯನ್ನೂ ಅದು ನಿಧಾನಗೊಳಿಸಿ ತೋರಿಸುತ್ತದೆ. ಅದನ್ನು ಮೊಟ್ಟೆಯ ಹತ್ತಿರ ಹಿಡಿದು ಕೈಯನ್ನು ಓಡಿಸಿದರು. ಎಲ್ಲರೂ ಪರದೆಯ ಮುಂದೆ ಸೇರಿದರು.

ಪರದೆಯ ಮೇಲೆ ಬೆರಳುಗಳು ಜೇನಿನಲ್ಲಿ ಮುಳುಗಿದಂತೆ ನಿಧಾನವಾಗಿ ಬಂದವು. ಮೊಟ್ಟೆಯ ಮುಂದೆ ಅವು ತಡೆದು ನಿಲ್ಲಲಿಲ್ಲ. ಮುಟ್ಟಿದವು. ಬರಿಗಣ್ಣಿಗೆ ಕಾಣದಷ್ಟು ಹಗುರವಾಗಿ ಒಂದು ಬೆರಳು ಮೊದಲು ತಾಗಿತು. ಮೊಟ್ಟೆ ಚೂರು ಹೊರಳಿತು. ಬೆರಳುಗಳು ಹಿಂದೆ ಸರಿದವು. ಮೊಟ್ಟೆ ಅತ್ತಿತ್ತ ತೂಗಿ, ಮೂರೂ ಬೆರಳುಗಳ ಸರಿಯಾದ ನಡುವಿಗೆ ಬಂದು ಕೂತಿತು. ಆಮೇಲೆ ಬೆರಳುಗಳು ಬಂದು ಎಲ್ಲ ಕಡೆಯಿಂದ ಸಮನಾಗಿ ಹಿಡಿದವು.

ಅಷ್ಟು ದಿನ ಒಡೆಯುತ್ತಿದ್ದುದು ಹಿಡಿತ ಬಿಗಿಯಾಗಿದ್ದರಿಂದಲ್ಲ. ಮೊಟ್ಟೆ ಓರೆಯಾಗಿರುತ್ತಿತ್ತು, ಭಾರವೆಲ್ಲ ಒಂದೇ ಬೆರಳಿನಿಂದ ಬೀಳುತ್ತಿತ್ತು. ಸ್ಪರ್ಧೆಯಲ್ಲಿ ಸಾಲುಸಾಲಾಗಿ ಜನ ಮೆಚ್ಚಿದ್ದು, ಯಂತ್ರ ಯೋಚಿಸುತ್ತಿದೆ ಎಂದು ಬಾಯಿಬಿಟ್ಟು ನೋಡಿದ್ದು ಏನನ್ನು? ಕೈ ಏನನ್ನೂ ಯೋಚಿಸುತ್ತಿರಲಿಲ್ಲ, ಮುಟ್ಟುವ ಮುಂಚೆ ತಡೆಯುತ್ತಲೂ ಇರಲಿಲ್ಲ. ಮೊಟ್ಟೆಯನ್ನು ಮೆಲ್ಲಗೆ ದೂಡಿ, ಸರಿಯಾಗಿ ಕೂತ್ಕೋ ಎನ್ನುತ್ತಿತ್ತು, ಅಷ್ಟೆ. ಅದು ಕೂಡ ಯಾರೂ ಹೇಳಿಕೊಡದೆ.

ಕಾರಣ ಸಿಕ್ಕಿತೆಂದು ಬಂದಿದ್ದ ಅಳತೆಯ ಕೈಯಿಂದ ಅದೂ ಜಾರಿತ್ತು. ಆದರೆ ವಿಚಿತ್ರವೆಂದರೆ, ಪರದೆಯಿಂದ ಕಣ್ಣು ಕೀಳಲು ಅವಳಿಗೆ ಮನಸ್ಸು ಬರಲಿಲ್ಲ.

“ಇನ್ನೊಂದ್ ಸಲ ಹಾಕ್ತೀರಾ?” ಎಂದು ಕೇಳಿದಳು.

ಅವರು ಹಾಕಿದರು. ಆಮೇಲೆ ಮತ್ತೊಮ್ಮೆ ಹಾಕಿದರು.

“ನಿಂತು ನಿಂತು ಹಿಡಿಯೋ ಕೈ ನನಗೆ ಬೇಡ,” ಎಂದರು ಮೇಡಂ. “ನಮ್ಮ ಯಂತ್ರ ಅಷ್ಟು ಹೊತ್ತು ಕಾಯಲ್ಲ. ಆ ಮೆಲ್ಲಗೆ ದೂಡೋದಿದೆಯಲ್ಲ, ಅದು ಬೇಕು. ತಡೆಯದೇ ದೂಡೋ ಹಾಗೆ ಮಾಡಕ್ಕಾಗುತ್ತಾ?”

“ಗೊತ್ತಿಲ್ಲ,” ಎಂದರು ಇಬ್ಬರೂ. ಈ ಸಲವೂ ಒಟ್ಟಿಗೆ ಬಂತು.

“ರಜೆ ಯಾವಾಗ ಶುರು?”

ಮನೆಗೆ ಬಂದು ಅವಳು ಅಪ್ಪ ಅಮ್ಮನಿಗೆ ಎಲ್ಲ ವಿವರಿಸಿದಳು. ಬಹುಮಾನ ಬಂದದ್ದು ಯಾವುದಕ್ಕೋ ಅದನ್ನೇ ತೆಗೆದುಹಾಕಲು ಕರೆದಿದ್ದಾರೆ ಎಂದಳು. ಅಮ್ಮ ಅರ್ಧಕ್ಕೇ ಕೈ ಅಡ್ಡ ಹಿಡಿದು, “ನನಗೆ ಇಷ್ಟು ಹೇಳು. ಅಲ್ಲಿ ನಿನಗೆ ಕೆಲಸ ಸಿಕ್ತಾ, ಇಲ್ವಾ?” ಎಂದಳು.

“ಸಿಕ್ಕಿದ ಹಾಗಿದೆ.”

“ಹಾಗಿದೆ ಅಂದ್ರೆ?”

“ಸಿಕ್ತು ಅಮ್ಮ,” ಎಂದಳು, ಹೇಳಿದ ಮೇಲೆ ಅದು ನಿಜವೆಂದು ತನಗೂ ಹೊಳೆದಂತೆ.

ಬೇಸಿಗೆಯಲ್ಲಿ ಇಬ್ಬರೂ ಕಾರ್ಖಾನೆಯ ಒಂದು ಕೊಠಡಿಯಲ್ಲಿ ಕೆಲಸ ಮಾಡಿದರು. ಗಟ್ಟಿಯಾಗಿದ್ದ ಮಣಿಕಟ್ಟಿನ ಬದಲು ಅತ್ತಿತ್ತ ತುಸು ವಾಲುವ ಮೆತ್ತನೆಯ ಮಣಿಕಟ್ಟು ಹಾಕಿದರು. ಈಗ ಮೊಟ್ಟೆ ಓರೆಯಾಗಿದ್ದರೆ ಕೈಯೇ ಅದರ ಕಡೆ ವಾಲಿಕೊಳ್ಳುತ್ತಿತ್ತು. ಉಣ್ಣೆಯ ಉಂಗುರ ತೆಗೆದರು. ಗೊಣಗಪ್ಪ ತನ್ನ ಸಾಲನ್ನೂ ಅಳಿಸಿದ. ಕೈ ಎಲ್ಲಿಯೂ ತಡೆಯದೆ ಬಂತು, ಹಿಡಿಯಿತು, ಇಟ್ಟಿತು, ಹೋಯಿತು. ಒಂದೂ ಒಡೆಯಲಿಲ್ಲ. ನೋಡಲು ಅದರಲ್ಲಿ ಏನೂ ಇರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಕೆಲಸಗಾರರು ಕತ್ತೆತ್ತಿಯೂ ನೋಡಲಿಲ್ಲ. ಇದು ಮೊದಲಿನದಕ್ಕಿಂತ ಎಷ್ಟೋ ಒಳ್ಳೆಯ ವಿನ್ಯಾಸವೆಂದು ಅಳತೆಗೆ ಗೊತ್ತಿತ್ತು. ಆದರೂ ಕೆಲವೊಮ್ಮೆ ಮೊಟ್ಟೆಯ ಹತ್ತಿರ ಅದು ತಡೆದೀತೆಂದು ಅವಳ ಉಸಿರು ತಾನಾಗಿ ನಿಲ್ಲುತ್ತಿತ್ತು. ಅದು ಬೇಸರವೋ, ಬರೀ ಅಭ್ಯಾಸವೋ ಅವಳಿಗೆ ತಿಳಿಯಲಿಲ್ಲ.

ರಜೆ ಮುಗಿಯುವ ಮುನ್ನ ಮೇಡಂ ಅದರಂಥದ್ದೇ ಇನ್ನೊಂದು ಕೈ ಮಾಡಿಸಿದರು. ಅದೇ ನಕ್ಷೆ, ಅದೇ ರಬ್ಬರು, ಅದೇ ಮೋಟರು. ಅಳತೆ ಒಂದೊಂದು ಭಾಗವನ್ನೂ ಕ್ಯಾಲಿಪರಿನಲ್ಲಿ ಹಿಡಿದು ನೋಡಿ ಜೋಡಿಸಿದಳು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಚಾಲೂ ಮಾಡಿದರು. ಮೊದಲನೆಯದು ಸಲೀಸಾಗಿ ಕೆಲಸ ಮಾಡುತ್ತಾ ಹೋಯಿತು. ಎರಡನೆಯದು ಒಂದು ಮೊಟ್ಟೆ ಎತ್ತಿ, ಮುಂದಿನದನ್ನು ಬಿಟ್ಟು, ಅದರಾಚೆಯದನ್ನು ಎತ್ತಿತು. ಮತ್ತೆ ಒಂದನ್ನು ಬಿಟ್ಟಿತು.

“ಇದಕ್ಕೇನು ಬಂತು ಈಗ? ಮನುಷ್ಯರ ಥರ ಆರಿಸಿಕೊಳ್ಳುತ್ತಲ್ಲ,” ಎಂದು ಗೊಣಗಪ್ಪ ಗೊಣಗಿದ.

ಅವಳು ಯಂತ್ರ ನಿಲ್ಲಿಸಲು ಕೈ ಚಾಚಿದವಳು ಹಾಗೇ ಬಿಟ್ಟಳು. ಸ್ಟೂಲ್ ಎಳೆದುಕೊಂಡು ಅದರ ಎದುರು ಕೂತಳು.

“ಬಿಚ್ಚೋಣ್ವಾ?” ಎಂದ ಅವನು.

“ಬೇಡ, ತಡಿ,” ಎಂದಳು. “ಸ್ವಲ್ಪ ಹೊತ್ತು ಹೀಗೇ ನೋಡೋಣ.”

ಅವನೂ ಇನ್ನೊಂದು ಸ್ಟೂಲ್ ತಂದು, ಅದರ ಕಾಲು ಸರಿಯಿಲ್ಲವೆಂದು ಬೈಯುತ್ತಾ, ಅವಳ ಪಕ್ಕದಲ್ಲಿ ಕೂತ.